ಗಿಡ ಕೊಟ್ಟಿ, ಬಣ್ಣ ಇಟ್ಕೊಂಡಿ

ಹೊಲಿಗಿ ಮಷಿನ್ ಮುಂದ ಕುಂತಾಕಿ ಊರ ಸುದ್ದಿ ಹುಡುಕ್ಕೊಂಡು ಹೋಗೋದು ಬೇಕಾಗಂಗಿಲ್ಲ, ಅದೇ ಚಪ್ಪಲಿ ಬಿಟ್ಟು ಕಟ್ಟಿ ಏರಿ ಬರ್ತದ. ಅದರಾಗ ಆ ಕಟ್ಟಿ ಸುತ್ತ ಬಣ್ಣಬಣ್ಣದ ಎಲಿ ಗಿಡ ಇದ್ದು, ಆ ಗಿಡಕ್ಕ ಹಕ್ಕಿ ಬರೋದು ರೂಢಿ ಆಗಿದ್ರಂತೂ ಕೇಳೋದೇ ಬ್ಯಾಡ. ದಿನಾ ಒಂದಿಲ್ಲೊಂದು ನಡದೇ ನಡೀತದ.

ನಮ್ಮದು ಬಸವಕಲ್ಯಾಣದಾಗ ಸಣ್ಣ ಮನಿ. ಮುಂದ ತಗಡಿನ ಪತ್ರಾ ಹಾಕಿದ ಕಟ್ಟಿ, ಕಟ್ಟಿ ಮ್ಯಾಲ ನನ್ನ ಮಷಿನ್, ಕೆಳಗ ಅಂಗಳದಾಗ ನನ್ನ ಕುಂಡಗಳು. ಓಣಿ ಹೆಣ್ಮಕ್ಕಳ ಜಂಪರ್ ಹೊಲೀತೀನಿ. ಈಗಿನ ಹುಡುಗ್ಯಾರು ಅದಕ್ಕ ಬ್ಲೌಸ್ ಅಂತಾರ. ಹೆಸರು ಯಾವುದಾದ್ರೂ ಇರಲಿ, ತಡ ಮಾಡಿ ಕೊಟ್ರ ಬೈಗಳು ಮಾತ್ರ ಅವೇ. ನಮ್ಮ ಮನಿಯವರು ಬಸ್ ಕಂಡಕ್ಟರ್, ಬಸವಕಲ್ಯಾಣದಿಂದ ಹುಮನಾಬಾದಕ್ಕ, ಹುಮನಾಬಾದದಿಂದ ಬಸವಕಲ್ಯಾಣಕ್ಕ ದಿನಾ ಅಡ್ಡಾಡ್ತಾರ.

ನನ್ನ ಶೌಕ ಅಂದ್ರ ಕ್ರೋಟನ್. ಕೆಂಪು ಎಲಿದು, ಹಳದಿ ಚುಕ್ಕಿದು, ಸುರುಳಿ ಸುತ್ತಿದ್ದು, ಎಲ್ಲಾ ಅವ. ಬಾಜು ಮನಿ ಖಾಲಾಗೆ ಇದು ಬಿಲ್ಕುಲ್ ತಿಳಿಯಂಗಿಲ್ಲ. ಒಮ್ಮೆ ಗ್ವಾಡಿ ಮ್ಯಾಲಿಂದ ಇಣುಕಿ, "ಹೂ ಬಿಡಂಗಿಲ್ಲ, ಕಾಯಿ ಬಿಡಂಗಿಲ್ಲ, ಸಾರು ಸಾಲನಿಗೆ ಹಾಕಾಕ ಬರಂಗಿಲ್ಲ. ಯಾತಕ್ಕ ಸಾಕೀದಿ ಬೇಟಿ ಇವನ್ನ?" ಅಂತ ಕೇಳಿದ್ರು.

"ಸುಮ್ಮ ನೋಡಾಕ್ರಿ ಖಾಲಾ."

"ಹಂಗಾದ್ರ ನಿನ್ನ ಗಂಡನಂಗ ಅನ್ನು" ಅಂದು ಒಳಗ ಹೋದ್ರು.

ಐದು ಬಣ್ಣದ ಎಲಿ

ಮುಡಬಿಯಿಂದ ಬರೋ ಒಬ್ಬಾಕಿ ಗಿರಾಕಿ ಇದ್ದಾಳ, ಭಾಳ ಭೋಳೆ ಹೆಣ್ಮಗಳು. ಹೇಳಿದ್ದು ಹೇಳಿದಂಗೇ ಮಾಡ್ತಾಳ. ಜಂಪರ್ ತುಂಡು ಕೊಟ್ಟು, "ಅಕ್ಕಾರ, ಅಂಚಿಗೆ ಪೈಪಿಂಗ್ ಹಚ್ಚಬೇಕು, ಯಾವ ಬಣ್ಣದ ಅರಬಿ ತರ್ಲಿ?" ಅಂದ್ಲು.

ನಾನು ಆವತ್ತು ಮದವಿ ಜಂಪರ್ ತಡ ಮಾಡಿ ಬೈಸ್ಕೊಂಡು ಕುಂತಿದ್ದೆ. ತಲಿ ಎತ್ತದೇ ಅಂಗಳದ ಕಡಿ ಕೈ ತೋರಿಸಿ, "ಆ ಕ್ರೋಟನ್ ಎಲಿ ಬಣ್ಣದ್ದು ತಗೊಂಡು ಬಾ, ಚಂದ ಒಪ್ಪತದ" ಅಂದೆ. ಆಕಿ ಒಂದು ಎಲಿ ಹರಕೊಂಡು ಮ್ಯಾಚಿಂಗ್ ಸೆಂಟರಿಗೆ ಹೋದ್ಲು.

ದುಕಾನಿನವರು ಎಲಿ ಹಿಡಿದು ಹಿಂದ ಮುಂದ ತಿರುವಿ ನೋಡ್ಯಾರ. ಅಂಚು ಕೆಂಪು, ನಡುವ ಹಳದಿ, ನರ ಗುಲಾಬಿ, ಚುಕ್ಕಿ ಹಸರ, ಹಿಂದಿನ ಮಗ್ಗಲು ನೇರಳಿ. "ಇದರಾಗ ಯಾವುದು ಬೇಕ್ರಿ?" ಅಂತ ಕೇಳಿದ್ರ ಈಕಿ, "ಎಲಿ ಬಣ್ಣ ಅಂದಾರ್ರಿ, ಎಲಿ ಇದೇ ಅದ" ಅಂದಾಳ. ಅವರು ಥಾನಿನ ಮ್ಯಾಲ ಥಾನು ಬಿಚ್ಚಿ ಹಾಸ್ಯಾರ. ಈಕಿಗೆ ಮುಡಬಿ ಬಸ್ಸಿನ ಚಿಂತಿ. ಕಡೀಕ ಐದೂ ಬಣ್ಣ ಜರಾ ಜರಾ ಹರಿಸ್ಕೊಂಡು ಬಂದ್ಲು.

ತಂದಾಕಿ ಮನಸ್ಸು ಮುರೀಬಾರದು ಅಂತ ನಾನು ಐದನ್ನೂ ಹಚ್ಚಿದೆ, ಕೊರಳಿಗೆ ಎರಡು, ತೋಳಿಗೆ ಎರಡು, ಬೆನ್ನಿಗೆ ಒಂದು. ಅದನ್ನ ಹಾಕ್ಕೊಂಡು ಆಕಿ ಮಂಠಾಳದಾಗ ಯಾರದೋ ಮದವಿಗೆ ಹೋಗಿದ್ದೇ ತಡ, ಎಲ್ಲಾರಿಗೂ ಎಲಿ ಬಣ್ಣದ ಪೈಪಿಂಗೇ ಬೇಕಾಯ್ತು. ಬಂದ ಬಂದಾಕಿ ಒಂದು ಎಲಿ ಹರಕೊಂಡು ಹೋಗೋದೇ. ನನ್ನ ಗಿಡ ಬೋಳಾಗೋ ಟೈಮಿಗೆ ಮ್ಯಾಚಿಂಗ್ ಸೆಂಟರಿನವರು ಗಿರಾಕಿ ಕೂಡ ಹೇಳಿ ಕಳಿಸಿದ್ರು: "ಟೇಲರ್ ಅಕ್ಕಾರಿಗೆ ಹೇಳ್ರಿ, ಇನ್ನ ಮ್ಯಾಲ ಬೇವಿನ ಗಿಡ ಹಚ್ಚ್ರಿ ಅಂತ. ಅದಕ್ಕ ಒಂದೇ ಬಣ್ಣ ಇರ್ತದ."

ಕನ್ನಡ್ಯಾಗಿನ ವೈರಿ

ಕಟ್ಟಿ ಗ್ವಾಡಿಗೆ ಒಂದು ಉದ್ದನ ಕನ್ನಡಿ ತೂಗು ಹಾಕೀನಿ. ಗಿರಾಕಿಗಳು ಒಳಗ ಹೋಗಿ ಜಂಪರ್ ಹಾಕ್ಕೊಂಡು ಬಂದು ಇದರಾಗ ನೋಡ್ಕೋತಾರ. ಆ ಕನ್ನಡಿಗೆ ಒಂದು ಬುಲ್ಬುಲ್ ಗಂಟು ಬಿತ್ತು. ತಲಿ ಮ್ಯಾಲ ಕರೀ ಜುಟ್ಟು, ಬಾಲದ ಬುಡಕ್ಕ ಕೆಂಪು, ಸ್ವಭಾವ ಪೂರಾ ಜಗಳಗಂಟ. ಕ್ರೋಟನ್ ಟೊಂಗಿ ಮ್ಯಾಲ ಕುಂತು ಕನ್ನಡಿ ನೋಡೋದು, ಅಲ್ಲೊಂದು ಬುಲ್ಬುಲ್ ಕಂಡಕೂಡಲೇ ಹಾರಿ ಬಂದು ಕುಟ್ಟೋದು. ಮುಂಜಾನಿಂದ ಸಂಜಿ ತನಕ ಇದೇ ಕೆಲಸ. ನಾನು ಸೀರಿ ಒಳಗ ಉಡೋ ಹಳೇ ಪರಕಾರ ಒಂದನ್ನ ಕನ್ನಡಿಗೆ ಹೊಚ್ಚಿಟ್ಟೆ.

ಒಮ್ಮೆ ಸಾಲಿ ಟೀಚರ್ ಒಬ್ಬರು ಫಿಟಿಂಗ್ ನೋಡಾಕ ಬಂದ್ರು. ಪರಕಾರ ಸರಿಸಿ ನಿಂತು, ತೋಳು ಎತ್ತಿ, ಇಳಿಸಿ, ಆ ಕಡಿ ಹೊಳ್ಳಿ ಈ ಕಡಿ ಹೊಳ್ಳಿ ನೋಡಾಕತ್ತಿದ್ರು. ಅಷ್ಟರಾಗ ಬುಲ್ಬುಲ್ ಅವರ ಕಿವಿ ಹತ್ರನೇ ಹಾದು ಹೋಗಿ ಕನ್ನಡಿಗೆ ಟಪ್ ಅಂತ ಬಡೀತು. ಟೀಚರ್ ಎರಡು ಹೆಜ್ಜಿ ಹಿಂದಕ ಸರದ್ರು.

"ಹೆದರಬ್ಯಾಡ್ರಿ" ಅಂದೆ. "ಅದು ಕನ್ನಡ್ಯಾಗ ತನ್ನನ್ನ ತಾನೇ ನೋಡ್ಕೊಂಡು ಸಿಟ್ಟಿಗೆ ಬರ್ತದ, ಮತ್ತೇನಿಲ್ಲ."

ಅವರು ಕನ್ನಡಿ ನೋಡಿದ್ರು, ತಮ್ಮ ಹೆಗಲ ಮ್ಯಾಲ ಗಂಟು ಬಿದ್ದಿದ್ದ ತೋಳು ನೋಡಿದ್ರು. "ಬರೋದೇ ಮತ್ತ. ಅದೂ ನಿಮ್ಮ ಕಡೀನೇ ಹೊಲಿಸ್ಕೊಂಡಿರಬೇಕು" ಅಂದ್ರು.

ಬಣ್ಣ ಯಾರ ಹತ್ರ ಅದ

ಈಗ ನನ್ನ ನಾದಿನಿ ವಿಷಯಕ್ಕ ಬರ್ತೀನಿ. ನಮ್ಮ ಮನಿಯವರ ಸ್ವಂತ ಅಕ್ಕ, ಹುಮನಾಬಾದದಾಗ ಇರ್ತಾರ. ನಾನು ಅಕ್ಕಾರು ಅಂತ ಕರೀತೀನಿ. ತಾಯಿ ಹೋದ ಮ್ಯಾಲ ತಮ್ಮನ್ನ ಎತ್ತಿ ಆಡಿಸಿ ದೊಡ್ಡಾಂವನ್ನ ಮಾಡಿದಾಕಿ ಇವರೇ. ಅದಕ್ಕ ಇವತ್ತಿಗೂ ತಮ್ಮ ಎದುರು ಬಂದ್ರ ಮೊದಲು "ಬಾಯಿ ತೆಗಿ" ಅಂತಾರ, ತಂಬಾಕು ಹಾಕ್ಯಾನೋ ಇಲ್ಲೋ ನೋಡಾಕ. ಬಸ್ಸಿನ ತುಂಬ ಪ್ಯಾಸೆಂಜರ್ ಇದ್ರೂ ಬಿಡಂಗಿಲ್ಲ.

ಇವರಿಗೆ ನನ್ನ ಅಚ್ಚ ಕೆಂಪು ಕ್ರೋಟನ್ ಮ್ಯಾಲ ಭಾಳ ಮನಸ್ಸಿತ್ತು. ಒಂದು ಟೊಂಗಿ ಮುರಿದು, ಬೇರು ಬಿಡಿಸಿ, ಕುಂಡದಾಗ ಹಚ್ಚಿ ಕೊಟ್ಟೆ. ಅವರು ಅದನ್ನ ಪ್ರೀತಿಲಿಂದ ಒಯ್ದು ಪಡಸಾಲ್ಯಾಗ ಟಿವಿ ಬಾಜು ಇಟ್ರು. ಕೆಳಗ ಕ್ರೋಶಾದ ಹೊದಿಕಿ ಹಾಸಿದ್ರು. ದಿನಾ ಹಸಿ ಅರಬಿಲಿಂದ ಎಲಿ ಒರಸ್ತಿದ್ರು. ಎಲ್ಲಾ ಮಾಡಿದ್ರು, ಬಿಸಲಿಗೆ ಮಾತ್ರ ಇಡಲಿಲ್ಲ. ಬಿಸಲಿಗೆ ಇಟ್ರ ಬಣ್ಣ ಹಾರ್ತದಂತ ಅವರ ಲೆಕ್ಕ. ಸೀರಿ ಬಣ್ಣ ಬಿಸಲಿಗೆ ಹಾರ್ತದಲ್ಲ, ಹಂಗೇ. ಗಿಡದ ಹೊಸಾ ಎಲಿ ಒಂದೊಂದೇ ಹಸರ ಬರಾಕತ್ತವು. ಕಡೀಕ ಪೂರಾ ಗಿಡ ಹಸರ ಆಯ್ತು.

ಒಂದು ದಿನ ಆ ಕುಂಡ ತೊಡಿ ಮ್ಯಾಲ ಇಟ್ಕೊಂಡು ತಮ್ಮನ ಬಸ್ಸಿನಾಗೇ ಬಂದ್ರು. ನನ್ನ ಕೆಂಪು ಗಿಡದ ಬಾಜು ಅದನ್ನ ಇಟ್ರು.

"ನಿನ್ನದು ನೋಡು, ನನ್ನದು ನೋಡು. ಗಿಡ ಕೊಟ್ಟಿ, ಬಣ್ಣ ನೀ ಇಟ್ಕೊಂಡಿ."

"ಅಯ್ಯ, ಬಣ್ಣ ಹ್ಯಾಂಗ ಇಟ್ಕೊಳ್ಳಾಕ ಬರ್ತದ್ರಿ ಅಕ್ಕಾರ. ಇದಕ್ಕ ಬಿಸಲು ಬೇಕ್ರಿ. ನಿಮ್ಮ ಮನ್ಯಾಗ ಬೆಳಕು ಕಮ್ಮಿ ಅದ."

ನಾನು ಹೇಳಿದ್ದು ಗಿಡದ ಮಾತು. ಅವರ ಕಿವಿಗೆ ಬಿದ್ದದ್ದು ಮನಿತನದ ಮಾತು. "ನಮ್ಮ ಮನ್ಯಾಗ ಬೆಳಕಿಲ್ಲ ಅಂದಿ?" ಅಂತ ಒಂದೇ ಮಾತು ಕೇಳಿ, ಗಿಡ ಅಲ್ಲೇ ಬಿಟ್ಟು, ಚಾ ಸುದ್ದಾ ಕುಡೀದೇ ಬಸ್ ಸ್ಟ್ಯಾಂಡಿಗೆ ನಡದ್ರು. ಅವತ್ತಿಂದ ಮಾತು ಬಂದ್.

ನಾನು ಆ ಗಿಡಾನ ಬಿಸಲಿಗೆ ಇಟ್ಟೆ. ಕೆಲವು ತಿಂಗಳ್ದಾಗ ಹೊಸಾ ಎಲಿ ಕೆಂಪಗ ಬಂದು ಗಿಡ ಕೆಂಡದಂಗ ಆಯ್ತು. ಇನ್ನ ಜಗಳ ಮುಗೀತು ಅಂತ ನನಗ ಖುಷಿ ಆಯ್ತು. ನಮ್ಮ ಮನಿಯವರೂ ಅಷ್ಟೇ ಖುಷಿಲಿಂದ ಹುಮನಾಬಾದಕ್ಕ ಖಬರ್ ಒಯ್ದು, "ಅಕ್ಕಾ, ನಿನ್ನ ಗಿಡ ನಮ್ಮ ಅಂಗಳದಾಗ ಮತ್ತ ಕೆಂಪ ಆಗ್ಯಾದ" ಅಂತ ಹೇಳಿದ್ರು.

"ನಾ ಹೇಳ್ಲಿಲ್ಲೇನು?" ಅಂದ್ರಂತ ಅಕ್ಕಾರು. "ಬಣ್ಣ ಆಕಿ ಹತ್ರನೇ ಇತ್ತು."

ಮಾತಿಲ್ಲ, ಡಬ್ಬಿ ಅದ

ಮಾತು ನಿಂತು ಎರಡು ವರ್ಷ ಆಯ್ತು, ಆದ್ರ ಡಬ್ಬಿ ನಿಲ್ಲಲಿಲ್ಲ. ಅದು ಹ್ಯಾಂಗಂದ್ರ, ಜಗಳ ಆದ ದಿನ ಅವರದೊಂದು ಸ್ಟೀಲಿನ ಡಬ್ಬಿ ನಮ್ಮ ಮನ್ಯಾಗ ಉಳದಿತ್ತು. ಖಾಲಿ ಡಬ್ಬಿ ಹೊಳ್ಳಿ ಕಳಿಸೋ ಪದ್ಧತಿ ನಮ್ಮಲ್ಲಿಲ್ಲ. ಸಿಟ್ಟು ಸಿಟ್ಟಿನ ಜಾಗಾದಾಗ ಇರಲಿ ಅಂತ ಶೇಂಗಾ ಹೋಳಿಗಿ ಹಾಕಿ ನಮ್ಮ ಮನಿಯವರ ಕೈಯಾಗ ಕಳಿಸಿದೆ. ಅವರೂ ಖಾಲಿ ಕಳಿಸಂಗಿಲ್ಲಲ್ಲ, ಕರ್ಚಿಕಾಯಿ ತುಂಬಿ ಕಳಿಸಿದ್ರು. ನಾನು ಮತ್ತ ತುಂಬಿದೆ. ಹಿಂಗ ಒಬ್ಬರ ಮಾರಿ ಒಬ್ಬರು ನೋಡದೇ ನಾವಿಬ್ಬರೂ ವಾರಕ್ಕೊಮ್ಮೆ ಪರಸ್ಪರ ಕರದು ಹುರದು ಕಳಿಸಾಕತ್ತಿದ್ವಿ.

ಬರಬರ್ತಾ ಅವರ ಡಬ್ಬಿ ಅರ್ಧನೇ ಬರಾಕತ್ತು. ಇಷ್ಟು ಕೈ ಬಿಗಿ ಯಾವಾಗ ಆದ್ರು ಅಂತ ನಾನು ಅನ್ಕೊಂಡೆ. ಆ ಕಡಿ ಅವರೂ ನನ್ನ ಬಗ್ಗೆ ಅದನ್ನೇ ಅನ್ಕೋತಿದ್ರಂತ. ಒಮ್ಮೆ ನಮ್ಮ ಮನಿಯವರ ಬಸ್ಸಿನ ಡ್ರೈವರ್ ಸಹಜ ನಮ್ಮನಿಗೆ ಬಂದಾಗ, "ವೈನಿ, ನಿಮ್ಮ ಕೈ ಹೋಳಿಗಿ ಹಾದ್ಯಾಗಿನ ರಾಜೇಶ್ವರ ಊರು ದಾಟೋ ತನಕ ಬಿಸಿ ಇರ್ತಾವ ನೋಡ್ರಿ" ಅಂತ ಹೊಗಳಿದ. ಅವಾಗ ಗೊತ್ತಾಯ್ತು ಅರ್ಧ ಡಬ್ಬಿ ಎಲ್ಲಿ ಇಳೀತದಂತ.

ಸಂಜಿಗೆ ನಮ್ಮ ಮನಿಯವರನ್ನ ನಿಲ್ಲಿಸಿ ಕೇಳಿದೆ: "ನಿಮ್ಮಕ್ಕ, ನಾನು ರಾಜಿ ಆಗೋದು ನಿಮಗ ಬೇಕೋ ಬ್ಯಾಡೋ?"

"ಬೇಕು, ಖರೇನೇ ಬೇಕು" ಅಂದ್ರು. ಚೀಲ ಗ್ವಾಡಿಗೆ ಸಿಗಿಸಿ, "ಈ ವಾರ ಬ್ಯಾಡ. ಈ ವಾರ ಬೇಸನ್ ಉಂಡಿ ಬರೋದು ಅದ" ಅಂದ್ರು.

ನಗು ಹಂಗಿರಲಿ. ಅಕ್ಕಾರ ದನಿ ಇಲ್ಲದೇ ನನಗ ಭಾಳ ಬ್ಯಾಸರ ಆಗ್ತಿತ್ತು. ಬಂದ್ರ ನನ್ನ ಹೊಲಿಗ್ಯಾಗ ತಪ್ಪು ಹುಡುಕ್ತಿದ್ರು ಖರೆ, ಆದ್ರ ಹೊಸಾ ಸೊಸಿಯಾಗಿ ಬಂದಾಗ ಬಾಜು ಕುಂಡ್ರಿಸ್ಕೊಂಡು ನನಗ ಗುಂಡಿ ತೂತಿನ ಕಾಜಾ ಹೊಲಿಯೋದು ಕಲಿಸಿದಾಕಿನೂ ಅವರೇ. ಆ ಕೈಗುಣದ ಮ್ಯಾಲೇ ಇವತ್ತು ನಾನು ನಾಲ್ಕು ಮಂದ್ಯಾಗ ಟೇಲರ್ ಅನಿಸ್ಕೊಂಡೀನಿ.

ಎರಡು ಷರತ್ತು, ಒಬ್ಬಾಕಿ ಕಳ್ಳಿ

ಹುಮನಾಬಾದದಾಗ ಅಕ್ಕಾರು ಹೊಸಾ ಮನಿ ಕಟ್ಟಿಸಿದ್ರು. ವಾಸ್ತು ಶಾಂತಿಗೆ ದಿನ ಗೊತ್ತಾಯ್ತು. ಒಂದು ಮಧ್ಯಾಹ್ನ ಮಷಿನ್ ತುಳೀತಾ ಕುಂತಾಗ ಗೇಟ್ ಸಪ್ಪಳ ಆಯ್ತು, ನೋಡಿದ್ರ ಅಕ್ಕಾರು. ನನ್ನ ಕಡಿ ನೋಡಲಿಲ್ಲ. ಸೀದಾ ಆ ಕೆಂಪು ಗಿಡದ ಮುಂದ ನಿಂತು, ಗಿಡದ ಕೂಡ ಮಾತಾಡಿದ್ರು.

"ಇದು ನನ್ನ ಗಿಡ. ವಾಸ್ತು ಶಾಂತಿ ದಿನ ನನ್ನ ಹೊಸಾ ಮನಿ ಬಾಗಲ ಮುಂದ ಇದೇ ಇರಬೇಕು."

ನಾನೂ ಗಿಡಕ್ಕೇ ಹೇಳಿದೆ: "ಧಾರಾಳ ಒಯ್ಯಲಿ ಅನ್ನು. ಎರಡು ವರ್ಷದಿಂದ ಅದಕ್ಕೇ ನೀರು ಹಾಕಾಕತ್ತೇನಿ."

ಆವಾಗ ನನ್ನ ಕಡಿ ಹೊಳ್ಳಿದ್ರು. ಚೀಲದಿಂದ ಒಂದು ರೇಶ್ಮಿ ಜಂಪರ್ ತುಂಡು ತೆಗದ್ರು, ಅದರ ಜೋಡಿ ಎರಡು ಲಟಕನ್. ಜಂಪರಿನ ಬೆನ್ನಿಗೆ ದಾರ ಕಟ್ಟಿ ಇಳಿ ಬಿಡ್ತಾರಲ್ಲ, ಆ ರೇಶ್ಮಿ ಗೊಂಡೆ. ಕೆಂಪು ಹಳದಿ ಕೂಡಿಸಿ ಮಾಡಿದ್ದು, ತುದಿಗೆ ಮಣಿ. ಸೋಲಾಪುರದಿಂದ ತರಿಸಿದ್ದಂತ, ಇದೊಂದೇ ಜೋಡಿ ಸಿಕ್ಕಿತ್ತಂತ.

"ಈ ಜಂಪರ್ ನೀನೇ ಹೊಲೀಬೇಕು. ಗಿಡ, ಜಂಪರ್ ಎರಡೂ ಚೊಕ್ಕ ಬಂದ್ರ ಹಿಂದಿಂದು ಮರತುಬಿಡ್ತೀನಿ. ಒಂದರಾಗ ಕೊರತಿ ಕಂಡ್ರ ನನ್ನ ಹೊಸಾ ಮನಿ ಹೊಸ್ತಿಲ ತುಳೀಬ್ಯಾಡ" ಅಂದ್ರು. ಈ ಸಲ ಚಾ ಕುಡದು ಹೋದ್ರು.

ಅಷ್ಟು ಮುತುವರ್ಜಿಲಿಂದ ನಾನು ನನ್ನ ಮದವಿ ಜಂಪರನ್ನೂ ಹೊಲದಿಲ್ಲ. ಆದ್ರ ಅದೇ ಟೈಮಿಗೆ ಕಟ್ಟಿ ಮ್ಯಾಲ ಕಳವು ಸುರು ಆಯ್ತು. ಕೆಳಗ ಬಿದ್ದ ದಾರದ ತುಂಡು ಮಾಯ. ತಲಿದಿಂಬಿಗೆ ತಂದಿಟ್ಟ ಹತ್ತಿ ಮಾಯ. ನಾನು ಖಾಲಾನ ಬೆಕ್ಕಿನ ಮ್ಯಾಲ ಸಂಶಯ ಪಟ್ಟೆ. ಖಾಲಾ ಬೆಕ್ಕನ್ನ ಎತ್ಕೊಂಡು ಬಂದು ನನ್ನ ಮುಂದ ಹಿಡಿದು, "ಇದರ ಮಾರಿ ನೋಡು. ಹಾಲು ಕಂಡ್ರ ಎದ್ದು ಹೋಗಾಕ ಬ್ಯಾಸರ ಮಾಡ್ಕೋತದ, ನಿನ್ನ ದಾರ ಕದೀತದಾ?" ಅಂತ ಜಗಳಾ ತಗದ್ರು.

ವಾಸ್ತು ಶಾಂತಿಗೆ ಎರಡು ದಿನ ಇತ್ತು. ಜಂಪರ್ ತಯಾರಾಗಿ, ಒಂದು ಲಟಕನ್ ಹಚ್ಚಿ, ಇನ್ನೊಂದನ್ನ ಮಷಿನ್ ಮ್ಯಾಲ ಇಟ್ಟು ಒಲಿ ಮ್ಯಾಲಿನ ಬ್ಯಾಳಿ ಇಳಸಾಕ ಒಳಗ ಹೋದೆ. ಬ್ಯಾಳಿ ಇಳಿಸಿ, ಸಾರಿಗೆ ಒಗ್ಗರಣಿ ಹಾಕಿ ಬರೋದ್ರಾಗ ಮಷಿನ್ ಮ್ಯಾಲ ಮಣಿ ಉಳದಿತ್ತು. ರೇಶ್ಮಿ ಅರ್ಧಕ್ಕರ್ಧ ಹೋಗಿತ್ತು. ಉಳದದ್ದನ್ನ ಒಂದು ಹಕ್ಕಿ ಎಳ್ಯಾಕತ್ತಿತ್ತು. ಹೆಬ್ಬೆರಳಿನಷ್ಟು ಹಕ್ಕಿ. ನೆತ್ತಿ ಇಟ್ಟಂಗಿ ಬಣ್ಣ, ಬೆನ್ನು ಹಸರ, ಬಾಲ ನೆಟ್ಟಗ ಮ್ಯಾಲ. ನನ್ನ ನೋಡಿ ಹೆದರಲಿಲ್ಲ. ಒಂದು ಕೆಂಪು ಎಳಿ ಕಿತ್ಕೊಂಡು ಕ್ರೋಟನ್ ಕಡಿ ಹಾರಿತು.

ಹಿಂದೇ ಓಡಿದೆ. ಹಾರಿ ಹೋಗಿ ಕುಂತದ್ದು ಎಲ್ಲಿ ಅಂದ್ರ, ಅಕ್ಕಾರ ಗಿಡದಾಗೇ. ಎರಡು ಅಗಲ ಎಲಿ ಕೂಡಿಸಿ, ಅಂಚಿಗೆ ಸಣ್ಣ ಸಣ್ಣ ತೂತು ಮಾಡಿ, ನನ್ನ ದಾರದಿಂದ ಟಾಕಿ ಹಾಕಿ ಚೀಲ ಹೊಲದಿತ್ತು. ಒಳಗ ನನ್ನ ಹತ್ತಿ. ಹತ್ತಿ ಸುತ್ತ ಈಗಷ್ಟೇ ತುರುಕಿದ ಸೋಲಾಪುರದ ರೇಶ್ಮಿ. ನಡುವ ಮೂರು ತತ್ತಿ.

ಒಂದೇ ಏಟಿಗೆ ಎರಡೂ ಷರತ್ತು ಮುರದಿದ್ವು. ಖಾಲಾನ್ನ ಕೂಗಿ ಕರದೆ. ಅವರು ಕಣ್ಣಿಗೆ ಚಾಳೀಸು ಏರಿಸ್ಕೊಂಡು ಬಗ್ಗಿ, ಒಂದೊಂದೇ ಟಾಕಿ ನೋಡಿದ್ರು. "ಮಾಶಾಅಲ್ಲಾ, ದರ್ಜಿ ಚಿಡಿಯಾ, ಟೇಲರ್ ಹಕ್ಕಿ" ಅಂದ್ರು. ಆಮ್ಯಾಲ ನನ್ನ ಕಡಿ ಹೊಳ್ಳಿ, "ಹೋದ ಈದಿನ ಕುರ್ತಾ ನೀ ನನಗ ಇನ್ನಾ ಕೊಟ್ಟಿಲ್ಲ ಬೇಟಿ. ಈ ಮನ್ಯಾಗ ಟೈಮಿಗೆ ಸರಿಯಾಗಿ ಹೊಲಿಯಾಕಿ ಇದೊಬ್ಬಾಕಿನೇ ನೋಡು" ಅಂದ್ರು.

ಮನಿ ಕಟ್ಟಿದವರಿಬ್ಬರು

ವಾಸ್ತು ಶಾಂತಿ ಹಿಂದಿನ ದಿನ ಅಕ್ಕಾರು ಗಿಡ ಒಯ್ಯಾಕ ಟಂಟಂ ಗಾಡಿ ಮಾಡ್ಕೊಂಡು ತಾವೇ ಬಂದ್ರು. ನನ್ನ ಮ್ಯಾಲ ಇನ್ನಾ ಪೂರಾ ವಿಶ್ವಾಸ ಬಂದಿರಲಿಲ್ಲ. ನಮ್ಮ ಮನಿಯವರಿಗೆ ಆವತ್ತು ರಜಾ ಇತ್ತು. ಟಂಟಂ ಸಪ್ಪಳ ಕೇಳಿದಕೂಡಲೇ ಅಂಗಿ ಹಾಕ್ಕೊಂಡು, "ಡ್ಯೂಟಿ ಅದ" ಅಂದು ಹಿತ್ತಲ ಬಾಗಲದಿಂದ ಹೋದ್ರು.

ನಾನು ಗಿಡಕ್ಕ ಅಡ್ಡ ನಿಂತೆ. ಅಕ್ಕಾರು ನನ್ನ ಮಾರಿ ನೋಡಿದ್ರು.

"ಸರಿ. ಡ್ರೈವರ್ ಕಾಯಾಕತ್ತಾನ."

"ಅಕ್ಕಾರ, ಗಿಡ ಕೊಡಾಕ ಬರಂಗಿಲ್ರಿ."

"ಮತ್ತ ಬಣ್ಣ ಇಟ್ಕೊಂಡ್ಯೇನು?"

"ಬಣ್ಣ ಅಲ್ರಿ. ಒಳಗ ಮಂದಿ ಅದಾರ."

ಅವರಿಗೆ ತಿಳೀಲಿಲ್ಲ. ನನ್ನ ಸರಿಸಿ ಬಗ್ಗಿದ್ರು. ಹಕ್ಕಿ ತತ್ತಿ ಮ್ಯಾಲ ಕುಂತಿತ್ತು. ಎಲಿ ಚೀಲದಿಂದ ಚುಂಚು ಒಂದು ಕಡಿ, ಬಾಲ ಒಂದು ಕಡಿ ಹೊರಗ ಬಂದಿದ್ವು. ಅಂಚಿನಿಂದ ಒಂದು ಕೆಂಪು ರೇಶ್ಮಿ ಎಳಿ ಜೋತಾಡ್ತಿತ್ತು.

"ಇದು ನನ್ನ ಲಟಕನ್ ಅಲ್ಲೇನು?"

"ಹೌದ್ರಿ."

"ಸೋಲಾಪುರದ್ದು?"

"ಹೌದ್ರಿ. ಜಂಪರಿಗೆ ಒಂದೇ ಉಳದದ. ಎರಡೂ ತಪ್ಪು ನಂದೇ ಅನ್ಕೋರಿ, ಬೇಕಾದ್ರ ಹೊಸ್ತಿಲಕ್ಕ ಬರಂಗಿಲ್ಲ. ಆದ್ರ ಗಿಡ ಅಲುಗಾಡಿಸಿದ್ರ ತತ್ತಿ ಉಳಿಯಂಗಿಲ್ರಿ."

ಅಕ್ಕಾರು ಬಗ್ಗಿಕೊಂಡೇ ಗೂಡು ನೋಡಾಕತ್ತಿದ್ರು. ಹೊರಗ ಟಂಟಂ ಡ್ರೈವರ್ ಎರಡು ಸಲ ಹಾರ್ನ್ ಹೊಡದ. ಮೂರನೇ ಸಲ ಹೊಡದಾಗ ಅಕ್ಕಾರು ಗೇಟಿಗೆ ಹೋಗಿ, "ಏ, ಬಾಣಂತಿ ಮನಿ ಇದು, ಹಾರ್ನ್ ಹೊಡೀಬ್ಯಾಡ" ಅಂತ ಬೈದು ಬಂದ್ರು.

ಆಮ್ಯಾಲ ಕಟ್ಟಿ ಮ್ಯಾಲ ನನ್ನ ಬಾಜು ಕುಂತ್ರು. "ನಾ ಮನಿ ಕಟ್ಟಿಸೋದ್ರಾಗ ಸಾಕು ಸಾಕಾಯ್ತು. ಗೌಂಡಿ ಬಂದ್ರ ಸಿಮೆಂಟ್ ಇಲ್ಲ, ಸಿಮೆಂಟ್ ಬಂದ್ರ ಗೌಂಡಿ ಇಲ್ಲ. ಈಕಿ ಒಬ್ಬಾಕೀನೇ ಕಟ್ಟ್ಯಾಳ ನೋಡು. ಆಕಿ ಮನಿ ಬಿಡಿಸಿ ನಾ ಹೊಸಾ ಮನಿ ಹೊಗಲೇನು? ಇರಲಿ ಬಿಡು" ಅಂದ್ರು. ಅಂದು ನನ್ನ ಕೈ ಹಿಡದ್ರು. ಎರಡು ವರ್ಷದಿಂದ ತಡದಿದ್ದ ಅಳು ನನಗ ಆವಾಗ ಬಂತು.

ನನ್ನ ಕಣ್ಣು ಒರಿಸಿ, ಅಕ್ಕಾರು ಜಂಪರ್ ತಗೊಂಡು ಒಳಗ ಹೊರಗ ಹೊಳ್ಳಿಸಿ ನೋಡಿದ್ರು. ಗೂಡಿನ ಕಡಿ ನೋಡಿದ್ರು. "ಟಾಕಿ ಆಕೀವು ಸಣ್ಣ ಅವ" ಅಂದ್ರು.

ಒಂದೇ ಲಟಕನ್

ವಾಸ್ತು ಶಾಂತಿಗೆ ನಾನು ಹೊಸ್ತಿಲ ದಾಟಿ ಒಳಗ ಹೋದೆ. ಬಾಗಲ ಮುಂದ ಕೆಂಪು ಗಿಡದ ಬದಲಿ ನನ್ನ ಹಳದಿ ಚುಕ್ಕಿ ಕ್ರೋಟನ್ ಇತ್ತು. ಅಕ್ಕಾರ ಬೆನ್ನ ಮ್ಯಾಲ ಒಂದೇ ಲಟಕನ್ ಜೋತಾಡ್ತಿತ್ತು. ಅವರು ಆ ಕಡಿ ಈ ಕಡಿ ಅಡ್ಡಾಡಿದಂಗ ಬಂದ ಹೆಣ್ಮಕ್ಕಳೆಲ್ಲಾ ಅದನ್ನೇ ನೋಡಾಕತ್ತಿದ್ರು. ನಾನು ಮೂಲ್ಯಾಗ ಕುಂತು ನೆಲ ನೋಡಾಕತ್ತಿದ್ದೆ.

ಕಡೀಕ ಒಬ್ಬಾಕಿ ತಡೀಲಾರದೇ ಕೇಳೇಬಿಟ್ಲು: "ಒಂದು ಲಟಕನ್ ಎಲ್ಲೋ ಬಿದ್ದದ ನೋಡ್ರಿ ಬಾಯಾರ."

ಅಕ್ಕಾರು ಹೊಳ್ಳಿ ನಿಂತ್ರು. ಮನ್ಯಾಗ ನಾವು ಎಷ್ಟರೇ ಬಡದಾಡಬಹುದು, ಹೊರಗಿನವರ ಮುಂದ ತಮ್ಮನ ಮನಿ ಇಜ್ಜತ್ ಬಿಟ್ಟು ಕೊಡೋ ಪೈಕಿ ಅಲ್ಲ ಅವರು. "ಬಿದ್ದಿಲ್ಲ. ಈಗ ಒಂದೇ ಹಾಕ್ತಾರ. ಎರಡು ಹಾಕೋದು ಹಳೇದಾಯ್ತು. ನಮ್ಮ ತಮ್ಮನ ಹೆಂಡ್ತಿ ಹೊಲದಾಳ, ಆಕಿ ಕೈಯಾಗ ಬಂದದ್ದು ಇಲ್ಲಿಗೆ ಬರಾಕ ಇನ್ನಾ ವರ್ಷ ಬೇಕು" ಅಂದ್ರು.

ಆವತ್ತಿಂದ ಹುಮನಾಬಾದದ ಗಿರಾಕಿಗಳು ನಮ್ಮ ಮನಿಯವರ ಬಸ್ಸಿನಾಗೇ ಜಂಪರ್ ತುಂಡು ಕಳಿಸಾಕತ್ಯಾರ. ಎಲ್ಲಾರಿಗೂ ಒಂದೇ ಲಟಕನ್ ಬೇಕು. ಅವರ ಪೈಕಿ ಒಬ್ಬಾಕಿ ಜೋಡಿ ಕಳಿಸಿ, "ಒಂದು ಹಚ್ಚ್ರಿ, ಇನ್ನೊಂದು ನಿಮ್ಮ ಹಕ್ಕಿಗೆ ಇರಲಿ" ಅಂತ ಹೇಳಿ ಕಳಿಸ್ಯಾಳ. ಸುದ್ದಿ ಯಾರು ಮುಟ್ಟಿಸಿದ್ರು ಅಂತ ಕಂಡಕ್ಟರನ್ನ ಕೇಳಿದ್ರ ಟಿಕೇಟ್ ಹರ್ಯಾಕತ್ತವರಂಗ ಕೆಳಗ ನೋಡ್ತಾರ.

ಹಕ್ಕಿ ಬರೂ ತನಕ

ತತ್ತಿ ಒಡದವು, ಮರಿ ಆದವು, ಒಂದು ಮುಂಜಾನಿ ಹಾರಿ ಹೋದವು. ಅಲ್ಲಿ ತನಕ ಅಕ್ಕಾರು ದಿನಾ ಫೋನ್ ಮಾಡಿ, "ಹುಡುಗರು ಉಂಡ್ರೇನು?" ಅಂತ ಕೇಳ್ತಿದ್ರು. ನಮ್ಮ ಮನಿಯವರು ಆ ಕೆಂಪು ಗಿಡಾನ ಬಸ್ಸಿನಾಗ ಇಟ್ಕೊಂಡು ಹೋಗಿ ಹುಮನಾಬಾದಕ್ಕ ಮುಟ್ಟಿಸಿ ಬಂದ್ರು. ಈ ಸಲ ಅಕ್ಕಾರು ಬಿಸಲಿಗೇ ಇಟ್ರು. ಬಣ್ಣ ಒಂದು ಎಲಿಗೂ ಹೋಗಲಿಲ್ಲ. ಬಾಜು ಒಂದು ಬುಟ್ಟ್ಯಾಗ ದಾರ, ಹತ್ತಿ, ರೇಶ್ಮಿ ಎಲ್ಲಾ ಇಟ್ರಂತ.

ಕೆಲವು ದಿನ ಆದ ಮ್ಯಾಲ ಫೋನ್ ಬಂತು. ದನಿ ಬಿಗಿ ಇತ್ತು.

"ಒಂದು ಹಕ್ಕಿನೂ ಬಂದಿಲ್ಲ. ಗಿಡ ಕೊಟ್ಟಿ, ಹಕ್ಕಿ ನೀ ಇಟ್ಕೊಂಡಿ."

"ಮತ್ತ ಮಾತು ಬಿಡ್ತೀರೇನ್ರಿ ಅಕ್ಕಾರ?"

"ಮಾತು ಬಿಟ್ಟು ಎರಡು ವರ್ಷ ಲುಕ್ಸಾನ್ ಆಗಿದ್ದು ಸಾಕು. ಈ ಸಲ ಮಾತು ಬಿಡಂಗಿಲ್ಲ, ಮನಿ ಬಿಡ್ತೀನಿ. ನಾಳಿ ಬರಾಕತ್ತೇನಿ. ಹಕ್ಕಿ ನಿನ್ನ ಅಂಗಳಕ್ಕ ಹ್ಯಾಂಗ ಬರ್ತಾವ, ಕುಂತು ನೋಡ್ತೀನಿ. ಬರೂ ತನಕ ಇರ್ತೀನಿ."

ಮರುದಿನ ದೊಡ್ಡ ಚೀಲ ತಗೊಂಡು ಬಂದ್ರು. ನನಗ ಖುಷಿನೇ ಆಯ್ತು. ನಾನು ಹೊಲೀತೀನಿ, ಅವರು ಬಾಜು ಕುಂತು ಕಾಜಾ ಹಾಕ್ಕೋತ ತಪ್ಪು ಹುಡುಕ್ತಾರ, ಖಾಲಾನ ಕುರ್ತಾ ಸುದ್ದಾ ಮುಗೀತು. ಕಷ್ಟ ಬಂದದ್ದು ಕಂಡಕ್ಟರಿಗೆ. ಬಾಗಲ್ದಾಗೇ ಬಾಯಿ ತೆರೆದು ತೋರಿಸಿ ಒಳಗ ಬರಬೇಕು. ಅಂಗಿ ಒಗ್ಯಾಕ ಹಾಕೋ ಮೊದಲು ಕಿಸೆ ಝಡತಿ. ಹೊಟ್ಟಿ ಬಂದದಂತ ರಾತ್ರಿ ಊಟಕ್ಕ ಬರೇ ಒಂದು ರೊಟ್ಟಿ. ಡಬ್ಬಿ ಅಂತೂ ನಿಂತೇ ಹೋತು, ಕಳಿಸೋರು ತಗೊಳ್ಳೋರು ಒಂದೇ ಮನ್ಯಾಗ ಕುಂತ ಮ್ಯಾಲ ಡಬ್ಬಿ ಯಾಕ.

ಒಂದು ವಾರದಾಗ ಮನುಷ್ಯ ಇಳದುಹೋದ್ರು. ನನ್ನ ಬಾಜು ಬಂದು ಮೆಲ್ಲಕ ಕೇಳಿದ್ರು: "ಅಕ್ಕ ಯಾವಾಗ ಹೋಗ್ತಾಳ?"

"ಹಕ್ಕಿ ಬಂದ ಮ್ಯಾಲ."

ಮರುದಿನ ಬೆಳಕು ಹರಿಯೋ ಹೊತ್ತಿಗೆ ಅಂಗಳದಾಗ ಸಪ್ಪಳ ಕೇಳಿ ಹೊರಗ ಬಂದೆ. ಮದವಿ ಆದಾಗಿಂದ ಒಂದು ಕುಂಡಕ್ಕ ಒಂದು ತಂಬಗಿ ನೀರು ಹಾಕದ ಮನುಷ್ಯ, ಬನಿಯನ್ ಮ್ಯಾಲ ನಿಂತು, ಗಿಡ ಗಿಡಕ್ಕ ಹತ್ತಿ ಸಿಗಿಸಾಕತ್ತಿದ್ರು. ಪ್ರತಿಯೊಂದು ಕ್ರೋಟನಿಗೂ ದಾರ. ಕೆಂಪು, ಹಳದಿ, ನೀಲಿ. ಹಗ್ಗದ ಮ್ಯಾಲ ಲಟಕನ್ ಸಾಲು. ನನ್ನ ಹೊಲಿಗಿ ಡಬ್ಬಿ ಪೂರಾ ಅಂಗಳದಾಗ ಇತ್ತು. ನನ್ನ ನೋಡಿ, "ನಿಂತು ಏನ ನೋಡ್ತಿ, ಇನ್ನಾ ಜರಾ ಹತ್ತಿ ತಾ" ಅಂತ ಪಿಸುಗುಟ್ಟಿದ್ರು.

ಅಷ್ಟರಾಗ ಕಿಡಕ್ಯಾಗಿಂದ ಅಕ್ಕಾರ ದನಿ ಬಂತು. ಎಷ್ಟು ಹೊತ್ತಿನಿಂದ ನೋಡಾಕತ್ತಿದ್ರೋ.

"ತಮ್ಮಾ, ಶಾಣ್ಯಾ ಇದ್ದಿ. ನನ್ನ ಸಲುವಾಗಿ ಇಷ್ಟು ಕಷ್ಟ ತಗೊಂಡಿಯಲ್ಲ. ಹಕ್ಕಿ ಬರಂಗಿಲ್ಲಂತ ನಾಳಿ ಊರಿಗೆ ಹೊಂಡಾಕಿ ಇದ್ದೆ, ಇನ್ನ ಹೋಗಂಗಿಲ್ಲ. ಆದ್ರ ಅವಸರ ಏನಿಲ್ಲ. ಹಕ್ಕಿ ಬಂದು ಗೂಡು ಹೊಲೀಬೇಕು, ತತ್ತಿ ಇಡಬೇಕು, ಮರಿ ಆಗಬೇಕು, ಮರಿ ಹಾರಬೇಕು. ಅಲ್ಲಿ ತನಕ ನಾ ಇಲ್ಲೇ ಇರ್ತೀನಿ."

ನಮ್ಮ ಮನಿಯವರು ಕೈಯಾಗಿನ ದಾರ ನೋಡಿದ್ರು, ಕಿಡಕಿ ನೋಡಿದ್ರು. ಆಮ್ಯಾಲ ಕಟ್ಟಿದ್ದ ದಾರ ಒಂದೊಂದೇ ಬಿಚ್ಚಾಕ ಹತ್ತಿದ್ರು.